ಆಘಾತಪೀಡಿತರ ಮನೋಚಿಕಿತ್ಸೆ: ಕಾರ್ಯವಿಧಾನದ ಸಂಶೋಧನೆ

ಯುದ್ಧ, ಲೈಂಗಿಕ ದೌರ್ಜನ್ಯ, ಅಪಘಾತ, ಪ್ರಕೃತಿ ವಿಕೋಪದಂಥ ಭೀಕರ ಅನುಭವಗಳಿಂದ ಪಾರಾದವರ ಮನಸ್ಸಿಗೆ ಮಾತು, ಬರವಣಿಗೆ ಹಾಗೂ ಅಭ್ಯಾಸಗಳ ಮೂಲಕ ನೀಡುವ ಚಿಕಿತ್ಸೆಗಳನ್ನು ಒಟ್ಟಾಗಿ ಆಘಾತ ಮನೋಚಿಕಿತ್ಸೆಗಳೆನ್ನುತ್ತಾರೆ. ಇವು ಗುಣ ಕೊಡುತ್ತವೆಯೇ ಎಂಬ ಪ್ರಶ್ನೆಗೆ 1990ರ ದಶಕದಿಂದೀಚೆಗೆ ನಡೆದ ನಿಯಂತ್ರಿತ ಪ್ರಯೋಗಗಳು ಬಹುಮಟ್ಟಿಗೆ ಹೌದೆಂದೇ ಉತ್ತರಿಸಿವೆ. ಗುಣವಾಗುವಾಗ ರೋಗಿಯಲ್ಲಿ ಬದಲಾಗುವುದೇನು, ಆ ಬದಲಾವಣೆ ತರುವುದು ಚಿಕಿತ್ಸೆಯ ಯಾವ ಭಾಗ, ಒಬ್ಬರಿಗೆ ಒಗ್ಗಿದ ವಿಧಾನ ಇನ್ನೊಬ್ಬರಿಗೆ ಒಗ್ಗದಿರುವುದೇಕೆ ಎಂಬ ಪ್ರಶ್ನೆಗಳು ಬೇರೆಯವು. ಅವುಗಳ ಬೆನ್ನು ಹತ್ತಿರುವುದು ಕಾರ್ಯವಿಧಾನ ಸಂಶೋಧನೆ. ಚಿಕಿತ್ಸೆಯನ್ನು ರೂಪಿಸಿದವರು ಅತ್ಯಗತ್ಯವೆಂದು ನಂಬಿದ ಭಾಗವನ್ನೇ ತೆಗೆದು ನೋಡಿದಾಗಲೂ ರೋಗಿಗಳು ಗುಣಹೊಂದಿದ ನಿದರ್ಶನಗಳು ಈ ಕ್ಷೇತ್ರದಲ್ಲಿ ಹಲವು. ಆದ್ದರಿಂದ ಫಲದ ಪುರಾವೆಯನ್ನು ಸಿದ್ಧಾಂತದ ಪುರಾವೆ ಎಂದು ಎಣಿಸುವಂತಿಲ್ಲ ಎಂಬುದು ಇಲ್ಲಿನ ಮೂಲ ಎಚ್ಚರಿಕೆ.

ಕಾಯಿಲೆಯ ಸ್ವರೂಪ

ಆಘಾತದ ನಂತರ ಬಹುಮಂದಿ ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ತೊಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತಾರೆ. ಪಿಟಿಎಸ್‌ಡಿ ಎಂಬ ಸಂಕ್ಷಿಪ್ತ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಇದು ಅಧಿಕೃತವಾಗಿ ಸೇರಿತು. 2013ರ ಐದನೆಯ ಆವೃತ್ತಿ ಇದನ್ನು ಆತಂಕದ ಕಾಯಿಲೆಗಳ ಗುಂಪಿನಿಂದ ಹೊರತೆಗೆದು ಪ್ರತ್ಯೇಕ ವರ್ಗದಲ್ಲಿಟ್ಟಿತು. ಬೇಡವೆಂದರೂ ನುಗ್ಗಿಬರುವ ನೆನಪು ಮತ್ತು ದುಃಸ್ವಪ್ನಗಳು. ಘಟನೆಯನ್ನು ನೆನಪಿಸುವ ಜಾಗ, ಜನ, ಮಾತುಗಳಿಂದ ದೂರ ಸರಿಯುವುದು. ತನ್ನ ಬಗ್ಗೆ, ಜಗತ್ತಿನ ಬಗ್ಗೆ ಬೇರೂರಿದ ಕಹಿ ಎಣಿಕೆಗಳು. ಸದಾ ಮೈಯೆಲ್ಲ ಕಣ್ಣಾಗಿರುವ ಸ್ಥಿತಿ, ನಿದ್ರಾಹೀನತೆ, ಸಿಡುಕು. ಹೀಗೆ ಲಕ್ಷಣಗಳಲ್ಲಿ ನಾಲ್ಕು ಕಂತೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆ 2022ರಿಂದ ಜಾರಿಗೆ ಬಂದಿದ್ದು, ಭಾವನೆಗಳ ಮೇಲೆ ಹಿಡಿತ ತಪ್ಪುವುದು, ಸಂಬಂಧಗಳು ಮುರಿಯುವುದು ಮೊದಲಾದವನ್ನೂ ಒಳಗೊಂಡ ಸಂಕೀರ್ಣ ಪಿಟಿಎಸ್‌ಡಿಯನ್ನು ಬೇರೆಯಾಗಿ ಗುರುತಿಸುತ್ತದೆ.

ಈ ಕಂತೆಗಳಲ್ಲಿ ಯಾವುದು ಮೂಲ, ಯಾವುದು ಅದರ ಪರಿಣಾಮ ಎಂಬ ತೀರ್ಮಾನದ ಮೇಲೆಯೇ ಚಿಕಿತ್ಸೆಯ ಸಿದ್ಧಾಂತಗಳು ಕವಲೊಡೆಯುತ್ತವೆ. ಭಯವೇ ಮೂಲವೆಂದವರು ಭಯವನ್ನು ಇಳಿಸುವ ದಾರಿ ಹುಡುಕಿದರು. ನಂಬಿಕೆಯೇ ಮೂಲವೆಂದವರು ನಂಬಿಕೆಯನ್ನು ತಿದ್ದಲು ಹೊರಟರು. ಮೂರನೆಯವರು ನೆನಪು ಮನಸ್ಸಿನಲ್ಲಿ ದಾಖಲಾದ ರೀತಿಯಲ್ಲೇ ದೋಷವಿದೆ ಎಂದರು.

ಐತಿಹಾಸಿಕ ಹಿನ್ನೆಲೆ

ನೋವಿನ ನೆನಪನ್ನು ಮಾತಿಗೆ ತಂದರೆ ರೋಗಿ ಹಗುರಾಗುತ್ತಾನೆಂಬ ವಿಚಾರ ಯೋಸೆಫ್ ಬ್ರಾಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ಕುರಿತು ಪ್ರಕಟಿಸಿದ ಗ್ರಂಥದಲ್ಲಿದೆ. ಅಡಗಿದ ಭಾವ ಹೊರಹರಿಯುವುದೇ ಗುಣದ ಕಾರಣವೆಂದು ಅವರು ವಿವರಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಸೈನಿಕರು ಮೈಯಲ್ಲಿ ಗಾಯವಿಲ್ಲದೆಯೂ ಕುಸಿದಾಗ ವಿಷಯಕ್ಕೆ ತುರ್ತು ಬಂತು. ನೀಲಗಿರಿಯ ತೋಡರ ಕುರಿತು 1906ರಲ್ಲಿ ಗ್ರಂಥ ಪ್ರಕಟಿಸಿದ್ದ ಬ್ರಿಟಿಷ್ ವೈದ್ಯ, ಮಾನವಶಾಸ್ತ್ರಜ್ಞ ಡಬ್ಲ್ಯು. ಎಚ್. ಆರ್. ರಿವರ್ಸ್ ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಇಂಥ ಅಧಿಕಾರಿಗಳನ್ನು ನೋಡಿಕೊಂಡರು. ನೆನಪನ್ನು ಮನಸ್ಸಿನಿಂದ ಹೊರದಬ್ಬಲು ಹೆಣಗುವವರ ಸ್ಥಿತಿ ಬಿಗಡಾಯಿಸುತ್ತದೆ, ಅದನ್ನು ಎದುರಿಸಿ ಸಹಿಸಬಲ್ಲ ಒಂದು ಅರ್ಥ ಕಂಡುಕೊಂಡವರು ಚೇತರಿಸಿಕೊಳ್ಳುತ್ತಾರೆ ಎಂದು ಅವರು 1918ರಲ್ಲಿ ವರದಿ ಮಾಡಿದರು. ಎಷ್ಟು ಹುಡುಕಿದರೂ ಸಮಾಧಾನದ ಎಳೆಯೊಂದೂ ಸಿಗದ ನೆನಪುಗಳಲ್ಲಿ ಈ ದಾರಿ ಸಾಗದೆಂಬುದನ್ನೂ ಅವರು ಮರೆಮಾಚಲಿಲ್ಲ. ಎದುರಿಸುವಿಕೆಯೋ ಅರ್ಥದ ಬದಲಾವಣೆಯೋ ಎಂಬ ಇಂದಿನ ಚರ್ಚೆಯ ಎರಡೂ ತುದಿಗಳು ಆ ಬರಹದಲ್ಲಿವೆ.

ಇಪ್ಪತ್ತನೆಯ ಶತಮಾನದ ನಡುವೆ ಕಲಿಕೆಯ ಮನೋವಿಜ್ಞಾನ ಇದಕ್ಕೆ ಪ್ರಯೋಗಾಲಯದ ಭಾಷೆ ಕೊಟ್ಟಿತು. ಹೋಬಾರ್ಟ್ ಮೌರರ್ 1947ರಲ್ಲಿ ಮಂಡಿಸಿದ ಎರಡು ಅಂಶಗಳ ಸಿದ್ಧಾಂತದ ಪ್ರಕಾರ ಭಯ ಹುಟ್ಟುವುದು ಪಾವ್ಲೊವ್ ತೋರಿಸಿದ ಬಗೆಯ ಜೋಡಣೆಯಿಂದ. ಉಳಿದುಕೊಳ್ಳುವುದು ತಪ್ಪಿಸಿಕೊಂಡಾಗ ಸಿಗುವ ನಿರಾಳತೆಯಿಂದ. ದೂರ ಸರಿದಷ್ಟೂ ಆ ಸನ್ನಿವೇಶ ನಿರಪಾಯವೆಂದು ಕಲಿಯುವ ಅವಕಾಶ ತಪ್ಪುತ್ತದೆ. ಜೋಸೆಫ್ ವೋಲ್ಪೆ 1958ರಲ್ಲಿ ವಿವರಿಸಿದ ಹಂತಹಂತದ ಭಯನಿವಾರಣೆ ಇದೇ ಚಿಂತನೆಯ ಫಲ.

ಪ್ರಮುಖ ಚಿಕಿತ್ಸೆಗಳು

ಎಡ್ನಾ ಫೋವಾ ರೂಪಿಸಿದ ದೀರ್ಘ ಮುಖಾಮುಖಿ ಚಿಕಿತ್ಸೆಯಲ್ಲಿ ರೋಗಿ ಕಣ್ಣುಮುಚ್ಚಿ ಘಟನೆಯನ್ನು ವರ್ತಮಾನದಲ್ಲಿ ನಡೆಯುತ್ತಿರುವಂತೆ ಪದೇಪದೇ ಹೇಳುತ್ತಾರೆ, ಆ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಾರೆ, ಈವರೆಗೆ ದೂರವಿಟ್ಟಿದ್ದ ನಿರಪಾಯ ಜಾಗಗಳಿಗೆ ಹೋಗಿಬರುತ್ತಾರೆ. ಪೆಟ್ರೀಷಿಯಾ ರೆಸಿಕ್ ರೂಪಿಸಿದ ಅರಿವಿನ ಸಂಸ್ಕರಣ ಚಿಕಿತ್ಸೆ ಸಾಮಾನ್ಯವಾಗಿ 12 ಭೇಟಿಗಳದು. ಘಟನೆ ತನಗೇಕೆ ಸಂಭವಿಸಿತು, ಅದರಿಂದ ತಾನು ಏನೆಂದು ತೀರ್ಮಾನಿಸಿದೆ ಎಂಬುದನ್ನು ರೋಗಿ ಬರೆದು, ಆ ತೀರ್ಮಾನಗಳನ್ನು ಚಿಕಿತ್ಸಕರೊಡನೆ ಒರೆಗೆ ಹಚ್ಚುತ್ತಾರೆ. ಆಂಕೆ ಎಹ್ಲರ್ಸ್ ಮತ್ತು ಡೇವಿಡ್ ಕ್ಲಾರ್ಕ್ ಬ್ರಿಟನ್ನಿನಲ್ಲಿ ಬೆಳೆಸಿದ ಅರಿವಿನ ಚಿಕಿತ್ಸೆ, ಫ್ರಾನ್ಸೀನ್ ಶಪೀರೊ 1989ರಲ್ಲಿ ಪರಿಚಯಿಸಿದ ಕಣ್ಚಲನೆಯ ಚಿಕಿತ್ಸೆ, ಜೀವನದ ಕಥೆಯನ್ನು ಹುಟ್ಟಿನಿಂದ ಇಂದಿನವರೆಗೆ ಅನುಕ್ರಮವಾಗಿ ಹೇಳಿಸಿ ಬರೆದುಕೊಡುವ ಕಥನ ಚಿಕಿತ್ಸೆ, ಮಕ್ಕಳಿಗೆ ಪೋಷಕರೊಡನೆ ನೀಡುವ ಆಘಾತಕೇಂದ್ರಿತ ಚಿಕಿತ್ಸೆ ಇತರ ಮುಖ್ಯ ಪ್ರಕಾರಗಳು. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಆಘಾತಕೇಂದ್ರಿತ ಅರಿವು-ವರ್ತನೆಯ ಚಿಕಿತ್ಸೆಯನ್ನೂ ಕಣ್ಚಲನೆಯ ಚಿಕಿತ್ಸೆಯನ್ನೂ ಶಿಫಾರಸು ಮಾಡಿತು.

ಸಂಶೋಧನೆಯ ವಿಧಾನಗಳು

ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ವಿಂಗಡಿಸಿ, ಒಂದಕ್ಕೆ ಚಿಕಿತ್ಸೆ ಕೊಟ್ಟು ಇನ್ನೊಂದನ್ನು ಕಾಯುವ ಪಟ್ಟಿಯಲ್ಲಿರಿಸಿ ಹೋಲಿಸಿದರೆ ಚಿಕಿತ್ಸೆಯ ಫಲ ತಿಳಿಯುತ್ತದೆ. ಕಾರಣ ತಿಳಿಯಲು ಅಷ್ಟು ಸಾಲದು. ಕಾಳಜಿ ತೋರುವ ಒಬ್ಬರ ಗಮನ, ಗುಣವಾಗುವ ನಿರೀಕ್ಷೆ, ವಾರಕ್ಕೊಮ್ಮೆ ಎದ್ದು ಹೊರಡುವ ಶಿಸ್ತು ಎಲ್ಲವೂ ಚಿಕಿತ್ಸೆ ಪಡೆದ ಗುಂಪಿಗೆ ಒಟ್ಟಿಗೇ ದಕ್ಕಿರುತ್ತವೆ. ಇವನ್ನು ಬೇರ್ಪಡಿಸಲು ನಾಲ್ಕು ದಾರಿಗಳು ಬಳಕೆಯಲ್ಲಿವೆ.

ಮೊದಲನೆಯದು ಕಳಚಿ ನೋಡುವ ಪ್ರಯೋಗ: ಚಿಕಿತ್ಸೆಯ ಒಂದು ಘಟಕವನ್ನು ತೆಗೆದು ಅಥವಾ ಸೇರಿಸಿ ಫಲ ಬದಲಾಗುತ್ತದೆಯೇ ಎಂದು ಪರೀಕ್ಷಿಸುವುದು. ಎರಡನೆಯದು ಮಧ್ಯವರ್ತಿ ಅಂಶಗಳ ವಿಶ್ಲೇಷಣೆ: ಚಿಕಿತ್ಸೆಗೂ ಗುಣಕ್ಕೂ ನಡುವೆ ಕೊಂಡಿಯಾಗಿ ಬದಲಾಗುವ ನಂಬಿಕೆ, ಭಯ ಅಥವಾ ಅಭ್ಯಾಸವನ್ನು ಭೇಟಿಯಿಂದ ಭೇಟಿಗೆ ಅಳೆಯುವುದು. ಮೂರನೆಯದು ಭೇದಕ ಅಂಶಗಳ ಅಧ್ಯಯನ: ಯಾವ ಬಗೆಯ ರೋಗಿಗೆ ಯಾವುದು ಹೊಂದುತ್ತದೆ ಎಂದು ನೋಡುವುದು. ನಾಲ್ಕನೆಯದು ಪ್ರಯೋಗಾಲಯದ ಮಾದರಿ: ಇಲಿಗಳಲ್ಲಿ ಅಥವಾ ಆರೋಗ್ಯವಂತ ಸ್ವಯಂಸೇವಕರಲ್ಲಿ ಚಿಕ್ಕ ಭಯವೊಂದನ್ನು ಹುಟ್ಟಿಸಿ ಅದು ಕುಗ್ಗುವ ಬಗೆಯನ್ನು ಪರಿಶೀಲಿಸುವುದು.

ಒಂದು ಅಂಶವನ್ನು ಕಾರ್ಯವಿಧಾನವೆಂದು ಒಪ್ಪಿಕೊಳ್ಳುವ ಮುನ್ನ ಏನೇನು ಬೇಕೆಂಬುದನ್ನು ಅಲನ್ ಕ್ಯಾಜ್ಡಿನ್ 2007ರಲ್ಲಿ ಪಟ್ಟಿಮಾಡಿದರು. ಗುಣದೊಡನೆ ಅದಕ್ಕೆ ಬಲವಾದ ನಂಟಿರಬೇಕು. ಆ ನಂಟು ಅದಕ್ಕೇ ವಿಶಿಷ್ಟವಾಗಿರಬೇಕು. ಬೇರೆ ಬೇರೆ ಅಧ್ಯಯನಗಳಲ್ಲಿ ಮರಳಿ ಕಾಣಬೇಕು. ಪ್ರಯೋಗದಲ್ಲಿ ಅದನ್ನು ಏರಿಳಿಸಿದರೆ ಫಲವೂ ಏರಿಳಿಯಬೇಕು. ಅದು ಹೆಚ್ಚು ಬದಲಾದವರಲ್ಲಿ ಗುಣವೂ ಹೆಚ್ಚಬೇಕು. ವಿವರಣೆ ಈಗಿರುವ ಜ್ಞಾನಕ್ಕೆ ಹೊಂದಬೇಕು. ಎಲ್ಲಕ್ಕಿಂತ ಮಿಗಿಲಾಗಿ ಆ ಅಂಶದ ಬದಲಾವಣೆ ಲಕ್ಷಣಗಳ ಇಳಿಕೆಗಿಂತ ಮುಂಚೆ ನಡೆದಿರಬೇಕು. ಕಾಲಕ್ರಮದ ಈ ಕೊನೆಯ ಷರತ್ತಿನಲ್ಲೇ ಹಳೆಯ ಅಧ್ಯಯನಗಳು ಹೆಚ್ಚಾಗಿ ಸೋಲುತ್ತವೆ. ಚಿಕಿತ್ಸೆಯ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಅಳೆದರೆ ನಂಬಿಕೆ ಬದಲಾದ್ದರಿಂದ ರೋಗಿ ಗುಣವಾದರೋ, ಗುಣವಾದ್ದರಿಂದ ನಂಬಿಕೆ ಬದಲಾಯಿತೋ ಹೇಳಲಾಗದು.

ಭಯದ ಕಲಿಕೆ: ರೂಢಿಯಿಂದ ಹೊಸ ಕಲಿಕೆಯವರೆಗೆ

ಫೋವಾ ಮತ್ತು ಮೈಕೆಲ್ ಕೋಜಾಕ್ 1986ರಲ್ಲಿ ಪ್ರಕಟಿಸಿದ ಭಾವಸಂಸ್ಕರಣ ಸಿದ್ಧಾಂತ ಈ ಕ್ಷೇತ್ರದ ಮೊದಲ ದೊಡ್ಡ ವಿವರಣೆ. ಭಯವು ನೆನಪಿನಲ್ಲಿ ಒಂದು ಜಾಲವಾಗಿ ಕೂತಿರುತ್ತದೆ. ಪ್ರಚೋದಕ, ದೇಹದ ಪ್ರತಿಕ್ರಿಯೆ, ಇವೆರಡರ ಅರ್ಥ ಮೂರೂ ಅದರಲ್ಲಿ ಹೆಣೆದುಕೊಂಡಿರುತ್ತವೆ. ಗುಣವಾಗಬೇಕಾದರೆ ಮೊದಲು ಆ ಜಾಲ ಎಚ್ಚೆತ್ತುಕೊಳ್ಳಬೇಕು, ಬಳಿಕ ಅದಕ್ಕೆ ಒಪ್ಪದ ಮಾಹಿತಿ ಅದರೊಳಗೆ ಸೇರಬೇಕು. ಇದು ನಡೆಯುತ್ತಿದೆ ಎಂಬುದಕ್ಕೆ ಅವರು ಕೊಟ್ಟ ಕುರುಹುಗಳು ಮೂರು: ಆರಂಭದಲ್ಲಿ ಭಯ ಏರುವುದು, ಒಂದೇ ಭೇಟಿಯೊಳಗೆ ಅದು ಇಳಿಯುವುದು, ಭೇಟಿಯಿಂದ ಭೇಟಿಗೆ ಕಡಿಮೆಯಾಗುತ್ತ ಹೋಗುವುದು.

1991ರಲ್ಲಿ ಫೋವಾ ಮತ್ತು ಸಂಗಡಿಗರು ಅತ್ಯಾಚಾರಕ್ಕೊಳಗಾದ 45 ಮಹಿಳೆಯರಲ್ಲಿ ಮುಖಾಮುಖಿ ಚಿಕಿತ್ಸೆಯನ್ನು ಒತ್ತಡ ನಿಭಾಯಿಸುವ ತರಬೇತಿ, ಬೆಂಬಲದ ಸಮಾಲೋಚನೆ ಮತ್ತು ಕಾಯುವ ಪಟ್ಟಿಯೊಡನೆ ಹೋಲಿಸಿದರು. ಚಿಕಿತ್ಸೆ ಮುಗಿದ ಕೂಡಲೇ ಒತ್ತಡ ನಿಭಾಯಿಸುವ ತರಬೇತಿ ಮುಂದಿತ್ತು. ತಿಂಗಳುಗಳ ಬಳಿಕ ನೋಡಿದಾಗ ಮುಖಾಮುಖಿ ಚಿಕಿತ್ಸೆಯ ಕಡೆಗೆ ತಕ್ಕಡಿ ವಾಲಿತು. ಸಿದ್ಧಾಂತದ ಕುರುಹುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಮಾತ್ರ ಚಿತ್ರ ಬದಲಾಯಿತು. ಆಗ್ನೆಸ್ ಫಾನ್ ಮಿನ್ನೆನ್ ಮತ್ತು ಫೋವಾ 2006ರಲ್ಲಿ ನೆನಪಿನ ಮುಖಾಮುಖಿಯನ್ನು 60 ನಿಮಿಷ ಮಾಡಿದವರನ್ನೂ 30 ನಿಮಿಷ ಮಾಡಿದವರನ್ನೂ ಹೋಲಿಸಿದರು. ಚಿಕ್ಕ ಅವಧಿಯವರಲ್ಲಿ ಭೇಟಿಯೊಳಗೆ ಭಯ ಇಳಿದದ್ದು ಕಡಿಮೆ. ಆದರೂ ಕೊನೆಯ ಫಲ ಎರಡೂ ಗುಂಪಿಗೆ ಸಮವಾಗಿತ್ತು. ಭಯ ಪೂರ್ತಿ ಇಳಿಯುವತನಕ ರೋಗಿಯನ್ನು ನೆನಪಿನೊಳಗೆ ಹಿಡಿದಿಡಬೇಕೆಂಬ ನಿಯಮಕ್ಕೆ ಆಧಾರ ಸಡಿಲವಾಯಿತು. ಭೇಟಿಗಳ ನಡುವಣ ಇಳಿಕೆಗೂ ಗುಣಕ್ಕೂ ಇರುವ ನಂಟು ಹೆಚ್ಚು ಗಟ್ಟಿಯಾಗಿ ಕಂಡಿದೆ.

ಮಾರ್ಕ್ ಬೌಟನ್ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳು ಇನ್ನೊಂದು ಮಗ್ಗುಲನ್ನು ತೋರಿಸಿದ್ದವು. ಕುಗ್ಗಿದಂತೆ ಕಂಡ ಭಯ ಕಾಲ ಕಳೆದಂತೆ ತಾನಾಗಿ ಮರಳಬಹುದು, ಬೇರೆ ಪರಿಸರದಲ್ಲಿ ಮತ್ತೆ ತಲೆಯೆತ್ತಬಹುದು, ಹೊಸ ಆಘಾತದಿಂದ ಚಿಗುರಬಹುದು. ಎಂದರೆ ಹಳೆಯ ಕಲಿಕೆ ಅಳಿಸಿಹೋಗಿಲ್ಲ. ಅದನ್ನು ತಡೆಯುವ ಹೊಸ ಕಲಿಕೆ ಅದರ ಪಕ್ಕದಲ್ಲಿ ಬಂದು ನಿಂತಿದೆ. ಇದನ್ನು ಆಧರಿಸಿ ಮಿಷೆಲ್ ಕ್ರಾಸ್ಕ್ ಮತ್ತು ಸಹೋದ್ಯೋಗಿಗಳು 2008ರಿಂದ ತಡೆಕಲಿಕೆಯ ಮಾದರಿಯನ್ನು ಮುಂದಿಟ್ಟರು. ಇದರ ಪ್ರಕಾರ ಭಯ ಎಷ್ಟು ಇಳಿಯಿತೆಂಬುದಕ್ಕಿಂತ ರೋಗಿಯ ನಿರೀಕ್ಷೆ ಎಷ್ಟು ಬಲವಾಗಿ ಸುಳ್ಳಾಯಿತೆಂಬುದು ಮುಖ್ಯ. ನೆನಪಿಸಿಕೊಂಡರೆ ಹುಚ್ಚು ಹಿಡಿಯುತ್ತದೆ ಎಂದು ನಂಬಿದ್ದ ವ್ಯಕ್ತಿ ನೆನಪಿಸಿಕೊಂಡೂ ನೆಟ್ಟಗಿದ್ದರೆ ಕಲಿಕೆ ಆಗಿದೆ, ಆ ಹೊತ್ತಿಗೆ ಎದೆ ಹೊಡೆದುಕೊಳ್ಳುತ್ತಿದ್ದರೂ ಸರಿ. ಅಭ್ಯಾಸವನ್ನು ಬೇರೆ ಬೇರೆ ಜಾಗ, ಹೊತ್ತು, ಸನ್ನಿವೇಶಗಳಲ್ಲಿ ಮಾಡಿಸಬೇಕೆಂಬ ಸಲಹೆಯೂ ಇದರಿಂದಲೇ ಬಂದದ್ದು.

ಅರ್ಥದ ಬದಲಾವಣೆ

ಭಯದ ಮಾದರಿಗೆ ನಿಲುಕದ ಸಂಗತಿಗಳು ಆಘಾತದಲ್ಲಿ ಬಹಳ. ತಪ್ಪಿತಸ್ಥ ಭಾವ, ನಾಚಿಕೆ, ಕೋಪ, ತನ್ನ ಮೇಲಿನ ಜಿಗುಪ್ಸೆ ಇವೆಲ್ಲ ಅಪಾಯದ ಮುನ್ಸೂಚನೆಗಳಲ್ಲ. ಎಹ್ಲರ್ಸ್ ಮತ್ತು ಕ್ಲಾರ್ಕ್ 2000ದಲ್ಲಿ ಪ್ರಕಟಿಸಿದ ಮಾದರಿ ಒಂದು ವಿರೋಧಾಭಾಸದಿಂದ ಶುರುವಾಗುತ್ತದೆ: ಘಟನೆ ಮುಗಿದುಹೋಗಿದ್ದರೂ ರೋಗಿಗೆ ಅಪಾಯ ಈಗಲೂ ಇದೆ ಎನ್ನಿಸುತ್ತಿರುತ್ತದೆ. ಇದಕ್ಕೆ ಅವರು ಹೇಳುವ ಕಾರಣ ಎರಡು. ಘಟನೆಗೂ ಅದರ ನಂತರದ ಸ್ಥಿತಿಗೂ ರೋಗಿ ಕೊಟ್ಟುಕೊಂಡ ಅರ್ಥ ಒಂದು. ಕಾಲ ಮತ್ತು ಸಂದರ್ಭದ ಚೌಕಟ್ಟಿಗೆ ಕೂಡದೆ ಚೂರುಚೂರಾಗಿ ಉಳಿದ ನೆನಪು ಇನ್ನೊಂದು. ತಪ್ಪಿಸಿಕೊಳ್ಳುವಿಕೆ, ಸದಾ ಕಾವಲು, ಮತ್ತೆಮತ್ತೆ ಮೆಲುಕು ಹಾಕುವುದು ಈ ಎರಡನ್ನೂ ಬದಲಾಗದಂತೆ ಕಾಯುತ್ತವೆ.

ನಂಬಿಕೆಯ ಪಾತ್ರವನ್ನು ಅತ್ಯಂತ ಸ್ಪಷ್ಟವಾಗಿ ಪರೀಕ್ಷಿಸಿದ್ದು ರೆಸಿಕ್ ಅವರ ಪ್ರಯೋಗಗಳು. 2002ರಲ್ಲಿ 171 ಮಹಿಳೆಯರಲ್ಲಿ ಅವರ ಚಿಕಿತ್ಸೆಯೂ ಮುಖಾಮುಖಿ ಚಿಕಿತ್ಸೆಯೂ ಹೆಚ್ಚುಕಡಿಮೆ ಸಮವಾಗಿ ಫಲ ಕೊಟ್ಟವು. ಆಗಿನ ರೂಪದಲ್ಲಿ ರೋಗಿ ಘಟನೆಯ ಪೂರ್ಣ ವಿವರವನ್ನು ಬರೆದು ಓದುವ ಭಾಗವೂ ಇತ್ತು. ಫಲದ ಮೂಲ ಅದೇ ಇರಬಹುದೆಂಬ ಶಂಕೆ ಸಹಜವಾಗಿತ್ತು. 2008ರಲ್ಲಿ ಅವರು 150 ಮಹಿಳೆಯರನ್ನು ಮೂರು ಗುಂಪು ಮಾಡಿ ಪೂರ್ಣ ಚಿಕಿತ್ಸೆ, ಘಟನೆಯ ಬರವಣಿಗೆಯಿಲ್ಲದ ಅರಿವಿನ ಭಾಗ ಮಾತ್ರ, ಬರವಣಿಗೆ ಮಾತ್ರ ಹೀಗೆ ಹೋಲಿಸಿದರು. ಮೂರು ಗುಂಪುಗಳೂ ಸುಧಾರಿಸಿದವು. ಪೂರ್ಣ ಚಿಕಿತ್ಸೆ ತನ್ನ ಬಿಡಿಭಾಗಗಳಿಗಿಂತ ಮೇಲೆನಿಸಲಿಲ್ಲ. ಅರಿವಿನ ಭಾಗ ಮಾತ್ರ ಪಡೆದವರು ಬರವಣಿಗೆ ಮಾತ್ರ ಮಾಡಿದವರಿಗಿಂತ ಮುಂದಿದ್ದರು. ಘಟನೆಯನ್ನು ವಿವರವಾಗಿ ಮರುಜೀವಿಸದೆಯೂ ಗುಣ ಸಾಧ್ಯವೆಂದು ಇದು ತೋರಿಸಿತು. ಇಂದು ಈ ಚಿಕಿತ್ಸೆಯನ್ನು ಬಹುಮಟ್ಟಿಗೆ ಬರವಣಿಗೆಯ ಭಾಗವಿಲ್ಲದೆಯೇ ನೀಡಲಾಗುತ್ತದೆ.

ಇದರ ಇನ್ನೊಂದು ಬದಿಯೂ ಇದೆ. 2005ರಲ್ಲಿ ಫೋವಾ ಅವರ ತಂಡ ಮುಖಾಮುಖಿ ಚಿಕಿತ್ಸೆಗೆ ನಂಬಿಕೆ ತಿದ್ದುವ ಭಾಗವನ್ನು ಸೇರಿಸಿ ನೋಡಿದಾಗ ಫಲ ಹೆಚ್ಚಲಿಲ್ಲ. ನಂಬಿಕೆಯನ್ನು ನೇರವಾಗಿ ಮುಟ್ಟದ ಮುಖಾಮುಖಿ ಚಿಕಿತ್ಸೆಯಲ್ಲೂ ನಂಬಿಕೆಗಳು ಬದಲಾಗಿದ್ದವು. ನೆನಪನ್ನು ಪದೇಪದೇ ಹೇಳುವಾಗ ಅದುವರೆಗೆ ಗಮನಕ್ಕೆ ಬಾರದ ವಿವರಗಳು ಎದ್ದುಬಂದು, ಓಡಿಹೋಗಲು ದಾರಿಯೇ ಇರಲಿಲ್ಲ ಎಂಬಂಥ ಅರಿವು ರೋಗಿಗೆ ತಾನಾಗಿ ಮೂಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಕಾಲಕ್ರಮದ ಷರತ್ತನ್ನು ಪೂರೈಸುವ ಅಧ್ಯಯನಗಳು 2010ರ ದಶಕದಲ್ಲಿ ಬಂದವು. ಬಿರ್ಗಿಟ್ ಕ್ಲೈಮ್ ಮತ್ತು ಸಂಗಡಿಗರು 2013ರಲ್ಲಿ ಅರಿವಿನ ಚಿಕಿತ್ಸೆ ಪಡೆದ 268 ರೋಗಿಗಳ ವಾರವಾರದ ಅಳತೆಗಳನ್ನು ವಿಶ್ಲೇಷಿಸಿದರು. ಒಂದು ಭೇಟಿಯಲ್ಲಿ ನಂಬಿಕೆ ಬದಲಾದರೆ ಮುಂದಿನ ಭೇಟಿಯ ಹೊತ್ತಿಗೆ ಲಕ್ಷಣಗಳು ಇಳಿಯುತ್ತಿದ್ದವು. ಹಿಂದುಮುಂದಾದ ಕ್ರಮ ಕಾಣಲಿಲ್ಲ. ಮುಖಾಮುಖಿ ಚಿಕಿತ್ಸೆಯಲ್ಲಿ ಅಲಿಸನ್ ಝಾಲ್ಟಾ ಮತ್ತು ಸಂಗಡಿಗರು 2014ರಲ್ಲಿ ಇಂಥದೇ ಫಲಿತಾಂಶ ಪ್ರಕಟಿಸಿದರು. ಬೇರೆ ಬೇರೆ ತಂಡಗಳು ಬೇರೆ ಬೇರೆ ಚಿಕಿತ್ಸೆಗಳಲ್ಲಿ ಒಂದೇ ಕ್ರಮವನ್ನು ಕಂಡಿರುವುದರಿಂದ, ಆಘಾತಕ್ಕೆ ಸಂಬಂಧಿಸಿದ ನಂಬಿಕೆಗಳ ಬದಲಾವಣೆಯೇ ಸದ್ಯ ಹೆಚ್ಚು ಪುರಾವೆಯಿರುವ ಮಧ್ಯವರ್ತಿ ಅಂಶ.

ನೆನಪಿನ ಸ್ವರೂಪ

ಕ್ರಿಸ್ ಬ್ರೂಯಿನ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಮಂಡಿಸಿ 2010ರಲ್ಲಿ ಪರಿಷ್ಕರಿಸಿದ ಇಬ್ಬಗೆಯ ನೆನಪಿನ ಸಿದ್ಧಾಂತದಂತೆ ಆಘಾತ ಎರಡು ರೂಪದಲ್ಲಿ ದಾಖಲಾಗುತ್ತದೆ. ಒಂದು, ಸಂದರ್ಭದೊಡನೆ ಕೂಡಿಕೊಂಡ, ಮಾತಿಗೆ ಬರುವ ನೆನಪು. ಇನ್ನೊಂದು, ವಾಸನೆ, ಸದ್ದು, ದೃಶ್ಯಗಳ ಹಸಿ ಅಚ್ಚು. ಅತಿಭೀತಿಯಲ್ಲಿ ಎರಡನೆಯದು ಬಲವಾಗಿ, ಮೊದಲನೆಯದು ದುರ್ಬಲವಾಗಿ ಮೂಡುತ್ತದೆ. ಆದ್ದರಿಂದಲೇ ಟೈರು ಸುಟ್ಟ ವಾಸನೆ ಬಂದರೆ ಅಪಘಾತ ಈಗಲೇ ನಡೆಯುತ್ತಿರುವಂತೆ ಭಾಸವಾಗುತ್ತದೆ. ಚಿಕಿತ್ಸೆ ಸಂದರ್ಭದ ನೆನಪನ್ನು ಬಲಪಡಿಸಿ ಹಸಿ ಅಚ್ಚಿನ ಮೇಲೆ ಅದಕ್ಕೆ ಹಿಡಿತ ಕೊಡುತ್ತದೆ ಎಂಬುದು ವಾದ. ಆಘಾತದ ನೆನಪು ನಿಜಕ್ಕೂ ಇತರ ನೆನಪುಗಳಿಗಿಂತ ಚೂರಾಗಿರುತ್ತದೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ.

ನೆನಪನ್ನೇ ತಿದ್ದಬಹುದೆಂಬ ಆಸೆ ಹುಟ್ಟಿಸಿದ್ದು 2000ದಲ್ಲಿ ಕರೀಮ್ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ ಇಲಿಗಳಲ್ಲಿ ನಡೆಸಿದ ಪ್ರಯೋಗ. ಗಟ್ಟಿಗೊಂಡ ಭಯದ ನೆನಪನ್ನು ಎಬ್ಬಿಸಿದ ಕೂಡಲೇ ಮಿದುಳಿನ ಅಮಿಗ್ಡಲಾದಲ್ಲಿ ಪ್ರೋಟೀನ್ ತಯಾರಿಕೆಯನ್ನು ತಡೆದರೆ ಆ ಭಯ ಮುಂದೆ ಕಾಣಿಸಿಕೊಳ್ಳಲಿಲ್ಲ. ನೆನಪು ಪ್ರತಿಬಾರಿ ಎದ್ದಾಗಲೂ ಮರುದೃಢೀಕರಣಗೊಳ್ಳಬೇಕಾಗುತ್ತದೆ ಎಂಬ ಹಳೆಯ ವಿಚಾರಕ್ಕೆ ಇದರಿಂದ ಮರುಜೀವ ಬಂತು. ಮೆರೆಲ್ ಕಿಂಟ್ 2009ರಲ್ಲಿ ಆರೋಗ್ಯವಂತರಲ್ಲಿ ರಕ್ತದೊತ್ತಡದ ಔಷಧವಾದ ಪ್ರೊಪ್ರನೊಲಾಲ್ ಬಳಸಿ ಇಂಥ ಪರಿಣಾಮ ತೋರಿಸಿದರು. ಕೆನಡಾದ ಆಲೆನ್ ಬ್ರೂನೆ ತಂಡ 2018ರಲ್ಲಿ 60 ರೋಗಿಗಳಲ್ಲಿ ಆ ಔಷಧ ಸೇವಿಸಿ ನೆನಪನ್ನು ಓದಿದವರು ಹುಸಿಗುಳಿಗೆ ಪಡೆದವರಿಗಿಂತ ಹೆಚ್ಚು ಸುಧಾರಿಸಿದ್ದನ್ನು ವರದಿ ಮಾಡಿತು. ಇತರ ಪ್ರಯೋಗಗಳೆಲ್ಲ ಇದನ್ನು ಸಮರ್ಥಿಸಿಲ್ಲ. ಮಾನವರ ಹಳೆಯ, ಬಲವಾದ ನೆನಪು ಯಾವ ಸ್ಥಿತಿಯಲ್ಲಿ ಸಡಿಲಗೊಳ್ಳುತ್ತದೆಂಬುದು ಇನ್ನೂ ಸಂಶೋಧನೆಯಲ್ಲಿರುವ ವಿಷಯ.

ಕಣ್ಚಲನೆಯ ವಿವಾದ

ಫಲಕ್ಕೂ ಸಿದ್ಧಾಂತಕ್ಕೂ ಇರುವ ಅಂತರವನ್ನು ತೋರಲು ಶಪೀರೊ ಅವರ ಚಿಕಿತ್ಸೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಇದರಲ್ಲಿ ರೋಗಿ ಆಘಾತದ ದೃಶ್ಯವನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಎಡಬಲಕ್ಕೆ ಆಡುವ ಚಿಕಿತ್ಸಕರ ಬೆರಳನ್ನು ಕಣ್ಣಲ್ಲಿ ಹಿಂಬಾಲಿಸುತ್ತಾರೆ. ಚಿಕಿತ್ಸೆ ಫಲಕಾರಿ ಎಂಬುದಕ್ಕೆ ಪುರಾವೆ ಬೇಗನೆ ಕೂಡಿತು. ಕಣ್ಣು ಆಡಿಸುವುದು ಅಗತ್ಯವೇ ಎಂಬುದು ತಗಾದೆಯಾಯಿತು. 2001ರಲ್ಲಿ ಪಾಲ್ ಡೇವಿಡ್‌ಸನ್ ಮತ್ತು ಕೆವಿನ್ ಪಾರ್ಕರ್ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಣ್ಚಲನೆಯಿಂದ ಹೆಚ್ಚುವರಿ ಲಾಭವಿಲ್ಲವೆಂದರು. 2013ರಲ್ಲಿ ಕ್ರಿಸ್ಟೋಫರ್ ಲೀ ಮತ್ತು ಪಿಮ್ ಕೌಪರ್ಸ್ ಇನ್ನಷ್ಟು ಅಧ್ಯಯನಗಳನ್ನು ಸೇರಿಸಿ ಲಾಭವಿದೆ ಎಂದರು.

ಇದಕ್ಕೆ ಇಂದು ಹೆಚ್ಚು ಒಪ್ಪಿತವಾದ ವಿವರಣೆ ಕಾರ್ಯಸ್ಮೃತಿಯದು. ಒಂದೇ ಹೊತ್ತಿಗೆ ಮನಸ್ಸು ಹಿಡಿದಿಡಬಲ್ಲ ವಿಷಯಕ್ಕೆ ಮಿತಿಯಿದೆ. ನೆನಪಿನ ಜೊತೆಗೆ ಬೇರೊಂದು ಕೆಲಸವೂ ಬಿದ್ದರೆ ನೆನಪಿನ ಚಿತ್ರ ಮಸುಕಾಗಿ, ಅದೇ ಮಸುಕು ರೂಪದಲ್ಲಿ ಮರಳಿ ದಾಖಲಾಗುತ್ತದೆ. ಜಾಕಿ ಆಂಡ್ರೇಡ್, ಡೇವಿಡ್ ಕವನಾ ಮತ್ತು ಆಲನ್ ಬ್ಯಾಡ್‌ಲಿ 1997ರಲ್ಲಿ ಇದಕ್ಕೆ ಆಧಾರ ಒದಗಿಸಿದರು. ನೆದರ್‌ಲೆಂಡ್ಸಿನ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಇರಿಸ್ ಎಂಗೆಲ್‌ಹಾರ್ಡ್ ನಡೆಸಿದ ಪ್ರಯೋಗಗಳಲ್ಲಿ ಮನಸ್ಸಿಗೆ ಹೊರೆಯಾಗುವ ಬೇರೆ ಕೆಲಸಗಳೂ ಇದೇ ಪರಿಣಾಮ ಬೀರಿದವು. ಜರ್ಮನಿಯಲ್ಲಿ 139 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚಲಿಸುವ ಕೈಯನ್ನು ನೋಡಿದವರೂ ನಿಶ್ಚಲವಾದ ಕೈಯನ್ನು ದಿಟ್ಟಿಸಿದವರೂ ಸಮವಾಗಿ ಸುಧಾರಿಸಿದರು. ಕಣ್ಣಿಗೆ ಯಾವ ಗುರಿಯೂ ಇಲ್ಲದವರಲ್ಲಿ ಫಲ ಕಡಿಮೆ. ಎಡಬಲದ ಚಲನೆಗಿಂತ ಹಂಚಿಹೋದ ಗಮನವೇ ಸಕ್ರಿಯ ಘಟಕವೆಂದು ಇದು ಸೂಚಿಸುತ್ತದೆ.

ಮಿದುಳು ಮತ್ತು ಔಷಧಗಳು

ಮಿದುಳಿನ ಚಿತ್ರಣದಲ್ಲಿ ಮೂರು ಭಾಗಗಳು ಮತ್ತೆಮತ್ತೆ ಪ್ರಸ್ತಾಪವಾಗುತ್ತವೆ: ಅಪಾಯ ಗುರುತಿಸುವ ಅಮಿಗ್ಡಲಾ, ಅದನ್ನು ಹತ್ತಿಕ್ಕಲು ನೆರವಾಗುವ ಮುಂಭಾಗದ ತೊಗಟೆಯ ಒಳಕೆಳ ಪ್ರದೇಶ, ಸಂದರ್ಭವನ್ನು ದಾಖಲಿಸುವ ಹಿಪೊಕ್ಯಾಂಪಸ್. ಮೊಹಮ್ಮದ್ ಮಿಲಾದ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದಂತೆ, ಭಯ ಬೇಕಿಲ್ಲವೆಂಬುದನ್ನು ರೋಗಿಗಳು ಕಲಿಯಬಲ್ಲರು. ಮರುದಿನ ಆ ಕಲಿಕೆಯನ್ನು ನೆನಪಿಗೆ ತಂದುಕೊಳ್ಳುವುದರಲ್ಲಿ ಹಿಂದೆ ಬೀಳುತ್ತಾರೆ. ಮಿದುಳಿನಲ್ಲಿ ಕಂಡ ವ್ಯತ್ಯಾಸವೆಲ್ಲ ಆಘಾತದ ಫಲವೆಂದು ಹೇಳುವಂತಿಲ್ಲ. ವಿಯೆಟ್ನಾಂ ಯುದ್ಧದ ಸೈನಿಕರನ್ನೂ ಯುದ್ಧಕ್ಕೆ ಹೋಗದ ಅವರ ಏಕರೂಪಿ ಅವಳಿಗಳನ್ನೂ ಹೋಲಿಸಿದ 2002ರ ಅಧ್ಯಯನದಲ್ಲಿ, ತೀವ್ರ ಕಾಯಿಲೆಯಿದ್ದ ಸೈನಿಕರಲ್ಲಷ್ಟೇ ಅಲ್ಲ, ಯುದ್ಧಕ್ಕೆ ಹೋಗದ ಅವರ ಅವಳಿಗಳಲ್ಲೂ ಹಿಪೊಕ್ಯಾಂಪಸ್ ಚಿಕ್ಕದಾಗಿತ್ತು. ಅದು ಪರಿಣಾಮಕ್ಕಿಂತ ಪೂರ್ವಸ್ಥಿತಿಯಾಗಿರುವ ಸಾಧ್ಯತೆ ಹೀಗೆ ತೆರೆದುಕೊಂಡಿತು.

ಕಲಿಕೆಯೇ ಕಾರ್ಯವಿಧಾನವಾದರೆ ಕಲಿಕೆಗೆ ಚುರುಕು ಕೊಡುವ ಔಷಧ ಚಿಕಿತ್ಸೆಯ ಫಲವನ್ನು ಹೆಚ್ಚಿಸಬೇಕು. ಡಿ-ಸೈಕ್ಲೊಸೆರಿನ್ ಎಂಬ ಔಷಧ 2004ರಲ್ಲಿ ಎತ್ತರದ ಭಯವಿದ್ದವರಲ್ಲಿ ಈ ನಿರೀಕ್ಷೆಯನ್ನು ನಿಜಮಾಡಿತು. ಆದರೆ ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಮರಳಿದ ಸೈನಿಕರ ಮೇಲಿನ 2012ರ ಪ್ರಯೋಗದಲ್ಲಿ ಅದನ್ನು ಪಡೆದವರು ಹುಸಿಗುಳಿಗೆಯವರಿಗಿಂತ ಹಿಂದುಳಿದರು. ಭೇಟಿಯಲ್ಲಿ ಭಯ ಇಳಿಯದಿದ್ದರೆ ಔಷಧ ಭಯವನ್ನೇ ಗಟ್ಟಿಮಾಡಬಹುದೆಂಬುದು ಇದಕ್ಕೆ ಕೊಟ್ಟ ವಿವರಣೆ. ಎಂಡಿಎಂಎ ಎಂಬ ಅಮಲಿನ ಔಷಧದ ನೆರವಿನ ಚಿಕಿತ್ಸೆಯ ಮೂರನೆಯ ಹಂತದ ಪ್ರಯೋಗ 2021ರಲ್ಲಿ 90 ಮಂದಿಯಲ್ಲಿ ದೊಡ್ಡ ಫಲ ತೋರಿತು. ಆದರೆ ಅಮಲು ಏರಿದ್ದರಿಂದ ತಮಗೆ ಸಿಕ್ಕಿದ್ದು ಔಷಧವೇ ಎಂದು ಬಹುಮಂದಿಗೆ ತಿಳಿದುಹೋಗುತ್ತಿತ್ತು. ನಿರೀಕ್ಷೆಯ ಪಾಲು ಎಷ್ಟು, ಔಷಧದ ಪಾಲು ಎಷ್ಟು ಎಂದು ಬೇರ್ಪಡಿಸಲಾಗಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಇದಕ್ಕೆ ಅನುಮೋದನೆ ನಿರಾಕರಿಸಿತು.

ಎಲ್ಲ ಚಿಕಿತ್ಸೆಗಳಿಗೂ ಸಮಾನವಾದ ಅಂಶಗಳು

ಇಷ್ಟೆಲ್ಲ ಭಿನ್ನ ಚಿಕಿತ್ಸೆಗಳು ಹತ್ತಿರ ಹತ್ತಿರದ ಫಲ ಕೊಡುವುದಾದರೆ ಕಾರಣ ಅವುಗಳಿಗೆ ಸಾಮಾನ್ಯವಾದ ಅಂಶಗಳಲ್ಲಿ ಇರಬಹುದು. ಚಿಕಿತ್ಸಕರೊಡನೆ ಬೆಳೆಯುವ ಬಾಂಧವ್ಯ, ಕಷ್ಟಕ್ಕೆ ಸಿಗುವ ನಂಬಲರ್ಹ ವಿವರಣೆ, ಗುಣವಾಗುವ ಭರವಸೆ ಇಂಥವು. ಸ್ಟೀವನ್ ಬೆನಿಷ್, ಝಾಕ್ ಇಮೆಲ್ ಮತ್ತು ಬ್ರೂಸ್ ವ್ಯಾಂಪೋಲ್ಡ್ 2008ರಲ್ಲಿ ಇಂಥ ತೀರ್ಮಾನ ಮಂಡಿಸಿದಾಗ, ಅಧ್ಯಯನಗಳ ಆಯ್ಕೆ ಸರಿಯಿಲ್ಲವೆಂದು ಎಹ್ಲರ್ಸ್ ಮತ್ತು ಹಲವರು 2010ರಲ್ಲಿ ತಕರಾರು ತೆಗೆದರು.

ಈ ಚರ್ಚೆಗೆ ಮುಖ್ಯ ಸಾಕ್ಷ್ಯ ಒದಗಿಸಿದ್ದು ವರ್ತಮಾನ ಕೇಂದ್ರಿತ ಚಿಕಿತ್ಸೆ. ಸಾಮಾನ್ಯ ಅಂಶಗಳನ್ನು ಮಾತ್ರ ಉಳಿಸಿಕೊಂಡ ಹೋಲಿಕೆಯ ಗುಂಪಾಗಿ ಹುಟ್ಟಿದ ಇದರಲ್ಲಿ ಆಘಾತದ ನೆನಪನ್ನು ಕೆದಕುವುದಿಲ್ಲ. ಇಂದಿನ ದಿನನಿತ್ಯದ ತೊಡಕುಗಳಷ್ಟೇ ವಿಷಯ. ಪೌಲಾ ಶ್ನರ್ 2007ರಲ್ಲಿ 284 ಮಹಿಳಾ ಯೋಧರಲ್ಲಿ ಹೋಲಿಸಿದಾಗ ಮುಖಾಮುಖಿ ಚಿಕಿತ್ಸೆ ಪಡೆದವರಲ್ಲಿ ಶೇ. 41, ವರ್ತಮಾನ ಕೇಂದ್ರಿತ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 28 ಮಂದಿ ಕಾಯಿಲೆಯ ಮಾನದಂಡದಿಂದ ಹೊರಬಂದರು. ನೆನಪಿನ ಕೆಲಸಕ್ಕೆ ತನ್ನದೇ ಪಾಲಿದೆ, ಅದಿಲ್ಲದೆಯೂ ಗಣನೀಯ ಗುಣ ಸಾಧ್ಯ ಎಂಬ ಎರಡೂ ಮಾತು ಇದರಿಂದ ಸಿದ್ಧವಾಗುತ್ತವೆ. ಜಾನ್ ಮಾರ್ಕೊವಿಟ್ಜ್ 2015ರಲ್ಲಿ 110 ರೋಗಿಗಳಲ್ಲಿ ಸಂಬಂಧಗಳನ್ನಷ್ಟೇ ಕೇಂದ್ರವಾಗಿರಿಸಿದ ಚಿಕಿತ್ಸೆ ಮುಖಾಮುಖಿ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು ತೋರಿಸಿದರು. ಜೊತೆಗೆ ಖಿನ್ನತೆಯೂ ಇದ್ದವರು ಮುಖಾಮುಖಿಯನ್ನು ನಡುವೆ ಬಿಟ್ಟದ್ದು ಹೆಚ್ಚು. ಬಾಲ್ಯದ ದೌರ್ಜನ್ಯದಿಂದ ನರಳಿದ ಮಹಿಳೆಯರಲ್ಲಿ ಮೇರಿಲೀನ್ ಕ್ಲೋಯ್ಟ್ರ್ ನಡೆಸಿದ ಅಧ್ಯಯನಗಳಲ್ಲಿ, ಮೊದಲ ಹಂತದಲ್ಲಿ ಬೆಳೆದ ಬಾಂಧವ್ಯ ಮತ್ತು ಭಾವನಿಯಂತ್ರಣ ಮುಂದಿನ ನೆನಪಿನ ಕೆಲಸದ ಫಲವನ್ನು ಮುನ್ಸೂಚಿಸಿದವು. ಎಲ್ಲ ರೋಗಿಗಳಿಗೂ ಇಂಥ ಸಿದ್ಧತೆಯ ಹಂತ ಬೇಕೇ ಎಂಬುದು ವಿವಾದದಲ್ಲಿದೆ.

ವಿಫಲತೆ ಮತ್ತು ಹಾನಿ

ಕಾರ್ಯವಿಧಾನವನ್ನು ಊಹೆಯ ಮೇಲೆ ನಂಬಿದರೆ ಆಗುವ ಅನಾಹುತಕ್ಕೆ ಒಂದೇ ಭೇಟಿಯ ಆಘಾತ ಚರ್ಚೆ ಸಾಕ್ಷಿ. ಮನಸ್ಸಿನಲ್ಲಿದ್ದುದನ್ನು ಬೇಗ ಹೊರಹಾಕಿದರೆ ಕಾಯಿಲೆ ಬಾರದೆಂಬ ಎಣಿಕೆಯಿಂದ 1980ರ ದಶಕದಲ್ಲಿ ಇದು ಹಬ್ಬಿತು. ಬ್ರಿಟನ್ನಿನಲ್ಲಿ ಸುಟ್ಟಗಾಯದ 133 ರೋಗಿಗಳ ಮೇಲೆ ನಡೆದ 1997ರ ಪ್ರಯೋಗದಲ್ಲಿ, 13 ತಿಂಗಳ ಬಳಿಕ ಚರ್ಚೆಗೆ ಒಳಗಾದವರಲ್ಲಿ ಶೇ. 26, ಒಳಗಾಗದವರಲ್ಲಿ ಶೇ. 9 ಮಂದಿಗೆ ಪಿಟಿಎಸ್‌ಡಿ ಇತ್ತು. ಎರಡು ಗುಂಪುಗಳು ಆರಂಭದಲ್ಲೇ ಪೂರ್ತಿ ಸಮವಾಗಿರಲಿಲ್ಲ ಎಂಬ ಕೊರತೆ ಆ ಪ್ರಯೋಗಕ್ಕಿದೆ. ಆದರೂ ನಂತರದ ಸಮಗ್ರ ಪರಿಶೀಲನೆಗಳು ಈ ವಿಧಾನದಿಂದ ರಕ್ಷಣೆ ದೊರೆಯುವುದಿಲ್ಲವೆಂದು ಖಚಿತಪಡಿಸಿದವು. ತಾನಾಗಿ ಮಾಗಬೇಕಾದ ಗಾಯವನ್ನು ಬೇಗ ಕೆದಕಿದಂತಾಗುತ್ತದೆ ಎಂದು ಹಲವರು ಇದನ್ನು ವಿವರಿಸುತ್ತಾರೆ.

ಮಾನ್ಯ ಚಿಕಿತ್ಸೆಗಳಿಗೂ ಮಿತಿಯಿದೆ. ಮಾರಿಯಾ ಸ್ಟೀನ್‌ಕ್ಯಾಂಪ್ ಮತ್ತು ಸಂಗಡಿಗರು 2015ರಲ್ಲಿ ಸೈನಿಕರ ಪ್ರಯೋಗಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆ ಮುಗಿದ ಮೇಲೂ ಸುಮಾರು ಮೂರನೇ ಎರಡರಷ್ಟು ಮಂದಿಗೆ ಕಾಯಿಲೆಯ ನಿರ್ಣಯ ಉಳಿದಿತ್ತು. ಚಿಕಿತ್ಸೆ ನಡುವೆ ಬಿಡುವವರೂ ಕಡಿಮೆಯಿಲ್ಲ. ಅಗತ್ಯವಿರುವ ಭಾಗವನ್ನು ಮಾತ್ರ ಉಳಿಸಿಕೊಂಡರೆ ಇದನ್ನು ತಗ್ಗಿಸಬಹುದೆಂಬುದಕ್ಕೆ ಡೆನಿಸ್ ಸ್ಲೋನ್ ಅವರ 2018ರ ಪ್ರಯೋಗ ನಿದರ್ಶನ. 126 ರೋಗಿಗಳಲ್ಲಿ ಐದು ಭೇಟಿಗಳ ಬರವಣಿಗೆಯ ಚಿಕಿತ್ಸೆ 12 ಭೇಟಿಗಳ ಅರಿವಿನ ಸಂಸ್ಕರಣ ಚಿಕಿತ್ಸೆಗೆ ಸರಿಸಾಟಿಯಾಯಿತು. ನಡುವೆ ಬಿಟ್ಟವರು ಬರವಣಿಗೆಯಲ್ಲಿ ಸುಮಾರು ಶೇ. 6, ಇನ್ನೊಂದರಲ್ಲಿ ಸುಮಾರು ಶೇ. 40.

ಪಶ್ಚಿಮದ ಆಚೆ

ಈ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕ ಮತ್ತು ಯುರೋಪಿನವು. ಅಲ್ಲಿ ಕಂಡ ಕಾರ್ಯವಿಧಾನ ಬೇರೆ ಸಮಾಜಗಳಲ್ಲೂ ನಿಜವೇ ಎಂಬುದನ್ನು ಪರೀಕ್ಷಿಸಿದ ಮುಖ್ಯ ಕೆಲಸಗಳು ಆಫ್ರಿಕಾದಲ್ಲಿ ನಡೆದಿವೆ. ಫ್ರಾಂಕ್ ನಾಯ್ನರ್ ಮತ್ತು ಸಂಗಡಿಗರು 2004ರಲ್ಲಿ ಉಗಾಂಡದ ಶಿಬಿರವೊಂದರ 43 ಸುಡಾನೀ ನಿರಾಶ್ರಿತರಲ್ಲಿ ನಾಲ್ಕು ಭೇಟಿಗಳ ಕಥನ ಚಿಕಿತ್ಸೆಯನ್ನು ಪರೀಕ್ಷಿಸಿದರು. ಒಂದು ವರ್ಷದ ಬಳಿಕ ಕಥನ ಚಿಕಿತ್ಸೆ ಪಡೆದವರಲ್ಲಿ ಶೇ. 29 ಮಂದಿಗೆ ಮಾತ್ರ ಕಾಯಿಲೆ ಉಳಿದಿತ್ತು; ಬೆಂಬಲದ ಸಮಾಲೋಚನೆ ಪಡೆದವರಲ್ಲಿ ಅದು ಶೇ. 79. ಕಾಂಗೋದಲ್ಲಿ ಲೈಂಗಿಕ ಹಿಂಸೆಗೆ ಒಳಗಾದ 405 ಮಹಿಳೆಯರಿಗೆ, ಮನೋವಿಜ್ಞಾನದ ಪದವಿಯಿಲ್ಲದ ಸ್ಥಳೀಯ ಕಾರ್ಯಕರ್ತೆಯರು ಗುಂಪಿನಲ್ಲಿ ಅರಿವಿನ ಸಂಸ್ಕರಣ ಚಿಕಿತ್ಸೆಯನ್ನೋ ವೈಯಕ್ತಿಕ ಬೆಂಬಲವನ್ನೋ ನೀಡಿದರು. ಜುಡಿತ್ ಬಾಸ್ ಮತ್ತು ಸಂಗಡಿಗರು 2013ರಲ್ಲಿ ವರದಿ ಮಾಡಿದಂತೆ, ಆರು ತಿಂಗಳ ಬಳಿಕ ಖಿನ್ನತೆ ಅಥವಾ ಆತಂಕದ ಸಾಧ್ಯತೆ ಚಿಕಿತ್ಸೆ ಪಡೆದವರಲ್ಲಿ ಶೇ. 9, ಬೆಂಬಲ ಮಾತ್ರ ಪಡೆದವರಲ್ಲಿ ಶೇ. 42, ಪಿಟಿಎಸ್‌ಡಿಯಲ್ಲೂ ಚಿತ್ರ ಇಂಥದೇ. ಓದುಬರಹ ಬಾರದವರಿಗಾಗಿ ಲಿಖಿತ ಹಾಳೆಗಳನ್ನು ಬಿಟ್ಟು ಬಾಯಿಪಾಠಕ್ಕೆ ಬರುವಂತೆ ಸರಳಗೊಳಿಸಿದ್ದರೂ ಫಲ ಉಳಿಯಿತು. ಬರೆದ ಹಾಳೆಗಳಾಗಲೀ ತಜ್ಞರ ಪದವಿಯಾಗಲೀ ಅನಿವಾರ್ಯ ಘಟಕಗಳಲ್ಲವೆಂದು ಇದರಿಂದ ಊಹಿಸಬಹುದು.

ಭಾರತದಲ್ಲಿ ಈ ವಿಷಯ ವಿಕೋಪಗಳ ಮೂಲಕ ಮುನ್ನೆಲೆಗೆ ಬಂತು. 1984ರ ಭೋಪಾಲ್ ಅನಿಲ ದುರಂತದ ನಂತರ ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮೊದಲಾದ ಮನೋವೈದ್ಯರು ಸಂತ್ರಸ್ತರ ಮಾನಸಿಕ ತೊಂದರೆಗಳನ್ನು ಅಧ್ಯಯನ ಮಾಡಿ, ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ನೀಡುವ ಕೆಲಸದಲ್ಲಿ ತೊಡಗಿದರು. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಗಳಲ್ಲಿ ನಿಮ್ಹಾನ್ಸ್ ಸಮುದಾಯದ ಕಾರ್ಯಕರ್ತರಿಗೆ ಮನೋಸಾಮಾಜಿಕ ಬೆಂಬಲದ ತರಬೇತಿ ಕೊಡುವ ಮಾದರಿಯನ್ನು ಬೆಳೆಸಿತು. ಇದರ ಒತ್ತು ಕೇಳಿಸಿಕೊಳ್ಳುವುದು, ನೆರವಿಗೆ ದಾರಿ ತೋರುವುದು, ದಿನಚರಿಯನ್ನು ಮರಳಿ ಕಟ್ಟುವುದರ ಮೇಲಿದೆ. ತಜ್ಞರ ಸಂಖ್ಯೆ ಕಡಿಮೆಯಿರುವ ದೇಶಗಳಿಗೆ ಚಿಕಿತ್ಸೆಯ ಯಾವ ಭಾಗ ಅನಿವಾರ್ಯ, ಯಾವುದನ್ನು ಬಿಡಬಹುದು, ಯಾವುದನ್ನು ಅಲ್ಪ ತರಬೇತಿಯವರೂ ನೀಡಬಲ್ಲರು ಎಂಬುದು ನೇರವಾಗಿ ಉಪಯೋಗಕ್ಕೆ ಬರುವ ಜ್ಞಾನ.

ಇಂದಿನ ಸ್ಥಿತಿ

ಈವರೆಗಿನ ಪುರಾವೆಯನ್ನು ಒಟ್ಟಾಗಿ ನೋಡಿದರೆ ಮೂರು ಮಾತು ನಿಲ್ಲುತ್ತವೆ. ಆಘಾತದಿಂದ ಹುಟ್ಟಿದ ನಂಬಿಕೆಗಳ ಬದಲಾವಣೆ ಹಲವು ಚಿಕಿತ್ಸೆಗಳಲ್ಲಿ ಲಕ್ಷಣಗಳ ಇಳಿಕೆಗೆ ಮುಂಚೆ ಬರುತ್ತದೆ. ಅದನ್ನು ತಲುಪಲು ದಾರಿಗಳು ಒಂದಕ್ಕಿಂತ ಹೆಚ್ಚು: ನೆನಪನ್ನು ಎದುರಿಸುವುದು, ಬರೆಯುವುದು, ತರ್ಕಿಸುವುದು, ಸಂಬಂಧಗಳನ್ನು ಸರಿಪಡಿಸಿಕೊಳ್ಳುವುದು. ಭೇಟಿಯೊಳಗೆ ಭಯ ಇಳಿಯಲೇಬೇಕು, ಘಟನೆಯನ್ನು ಪೂರ್ತಿ ವಿವರಿಸಲೇಬೇಕು, ಕಣ್ಣು ಎಡಬಲಕ್ಕೆ ಚಲಿಸಲೇಬೇಕು ಎಂಬ ಹಿಂದಿನ ನಿಯಮಗಳು ಪರೀಕ್ಷೆಯಲ್ಲಿ ಹಾಗೆಯೇ ಉಳಿದಿಲ್ಲ. ಬಾಕಿ ಉಳಿದ ಕೆಲಸವೂ ಸ್ಪಷ್ಟ. ಮಧ್ಯವರ್ತಿ ಅಂಶಗಳ ಅಧ್ಯಯನಗಳಲ್ಲಿ ಬಹುತೇಕವು ನಂಬಿಕೆಯೊಂದನ್ನೇ ಅಳೆದಿವೆ. ಭಯ, ನೆನಪು, ಬಾಂಧವ್ಯಗಳನ್ನು ಒಂದೇ ಪ್ರಯೋಗದಲ್ಲಿ, ಒಂದೇ ಅಂತರದಲ್ಲಿ ಅಳೆದು ಒಂದರೊಡನೊಂದು ಹೋಲಿಸಿದವು ಕಡಿಮೆ. ಅಂಥ ಹೋಲಿಕೆಗೆ ನೂರಾರು ರೋಗಿಗಳ ಪ್ರಯೋಗಗಳೂ ಪ್ರತಿ ಭೇಟಿಯ ಅಳತೆಗಳೂ ಬೇಕು. ರೋಗಿಯೊಬ್ಬರಿಗೆ ಯಾವ ಚಿಕಿತ್ಸೆಯಿಂದ ಆರಂಭಿಸಬೇಕೆಂದು ಮೊದಲೇ ಹೇಳಬಲ್ಲ ನಂಬಿಕಸ್ಥ ಸೂಚಿ ರೂಪುಗೊಳ್ಳುವುದೂ ಅವುಗಳಿಂದಲೇ.